ಹತ್ತು ದಿನದ ಮೇಷ್ಟ್ರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆಯ ಕುರಿತು ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ಮೊದಲು ಹೆದರಿದೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಕಟ್ಟಡಕ್ಕೆ ಜಾಗ ಕೊಟ್ಟವರು ಯಾರು, ಮೊದಲ ತಂಡದಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ಆದ್ದರಿಂದ ಹಾಜರಿ ಪುಸ್ತಕದಲ್ಲಾಗಲೀ ಸಂಬಳದ ಬಿಲ್ಲಿನಲ್ಲಾಗಲೀ ಹೆಸರಿಲ್ಲದ ಒಂದು ಬಗೆಯ ಮೇಷ್ಟ್ರ ಬಗ್ಗೆ ಬರೆಯುತ್ತೇನೆ. ಊರಿಂದ ಊರಿಗೆ ಹೋಗುತ್ತಾ ಚಿಕ್ಕ ಮಕ್ಕಳಿಗೆ ನಾಟಕ ಕಲಿಸಿದವರು ಅವರು. ಅಂಥವರಲ್ಲಿ ಒಬ್ಬರು ನಮ್ಮ ಶಾಲೆಗೆ ಬಂದು ಹತ್ತು ದಿನ ಇದ್ದು ಹೋದರು. ಮುಂದೆ ನಾನೂ ಕೆಲವು ವರ್ಷ ಅದೇ ಕೆಲಸ ಮಾಡಿದೆ, ಅವರಷ್ಟು ಚೆನ್ನಾಗಿ ಅಲ್ಲ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮ ಸೀಮೆಗೆ ನಾಟಕದ ಮೇಷ್ಟ್ರು ಹೊಸಬರಲ್ಲ. ಕೋಲಾರ ಸುತ್ತಿನ ಹಳ್ಳಿಗಳಲ್ಲಿ ಕೇಳಿಕೆ ಆಡುತ್ತಿದ್ದ ಕಾಲದಿಂದಲೂ ಕಲಿಸುವವರು ಹೊರಗಿನಿಂದ ಬರುತ್ತಿದ್ದರು. ಆಮೇಲೆ ಹಾರ್ಮೋನಿಯಂ ಮೇಷ್ಟ್ರುಗಳ ಕಾಲ ಬಂತು. ರಾಗಿ ಕಣದ ಕೆಲಸ ಮುಗಿಯುತ್ತಿದ್ದ ಹಾಗೆ ಮೇಷ್ಟ್ರು ಪೆಟ್ಟಿಗೆ ಹೊರಿಸಿಕೊಂಡು ಊರಿಗೆ ಬಂದರೆ ಮೂರು ತಿಂಗಳು ಅಲ್ಲಾಡುತ್ತಿರಲಿಲ್ಲ. ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ರಾತ್ರಿ ಚಾವಡಿಯಲ್ಲಿ ಲಾಟೀನು ಬೆಳಕಿನಲ್ಲಿ ತಾಲೀಮು, ಜಾತ್ರೆಗೆ ನಾಟಕ. ನನ್ನ ತಾತನ ನಾಟಕದ ಪುಸ್ತಕ ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದರಲ್ಲಿರುವ ಪದ್ಯಗಳು ತೆಲುಗು, ಬರೆದಿರುವ ಲಿಪಿ ಕನ್ನಡ, ಪಕ್ಕದಲ್ಲಿ ಮೇಷ್ಟ್ರಿಗೆ ಕೊಟ್ಟ ದುಡ್ಡಿನ ಲೆಕ್ಕ. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಬೆಂಗಳೂರಿನ ಗೆಳೆಯರಿಗೆ ತೋರಿಸಿದಾಗ ಮಾತ್ರ ಅವರು ಎರಡು ಸಲ ನೋಡಿದರು.

ಆ ನಾಟಕಗಳಲ್ಲಿ ಮಕ್ಕಳಿಗೂ ಪಾತ್ರವಿತ್ತು. ಲೋಹಿತಾಶ್ವ, ಪ್ರಹ್ಲಾದ, ಲವ ಕುಶ. ಮಗುವಿಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದರು, ತಪ್ಪಿದರೆ ಬೆತ್ತ. ನಮ್ಮಪ್ಪ ಏಳು ವರ್ಷದವರಿದ್ದಾಗ ಲೋಹಿತಾಶ್ವನಾಗಿದ್ದರಂತೆ. ಹಾವು ಕಚ್ಚಿ ಬಿದ್ದಾಗ ರಾತ್ರಿ ಎರಡು ಗಂಟೆ. ಬಿದ್ದವರು ಹಾಗೆಯೇ ನಿದ್ದೆ ಹೋದರು. ಚಂದ್ರಮತಿ ಎತ್ತಿ, ಅಲುಗಾಡಿಸಿ, ಗೋಳಾಡಿದರೂ ಏಳಲಿಲ್ಲ. ಹುಡುಗ ಏನು ಪಾರ್ಟು ಮಾಡಿದ ಎಂದು ಊರೆಲ್ಲ ಹೊಗಳಿತು. ಅಪ್ಪ ಈ ಕಥೆಯನ್ನು ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: ಬೆಳಿಗ್ಗೆ ಎದ್ದಾಗ ಮೇಷ್ಟ್ರು ಅವರ ತಲೆಯ ಕೆಳಗೆ ತಮ್ಮ ಟವೆಲ್ಲು ಮಡಿಸಿ ಇಟ್ಟಿದ್ದರು, ಬೆತ್ತದ ಏಟಿಗಿಂತ ತಮಗೆ ಅದೇ ನೆನಪು ಎಂದು.

ವೃತ್ತಿ ಕಂಪನಿಗಳಲ್ಲಿ ವ್ಯವಸ್ಥೆ ಬೇರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಗುಬ್ಬಿ ವೀರಣ್ಣನವರು ಸೇರಿದ್ದೇ ಹುಡುಗನಾಗಿ. ಡಾ. ರಾಜ್‌ಕುಮಾರ್ ಚಿಕ್ಕಂದಿನಲ್ಲೇ ತಂದೆಯ ಹಿಂದೆ ಕಂಪನಿ ಸೇರಿದರು. ಬಿ.ವಿ. ಕಾರಂತರು ದಕ್ಷಿಣ ಕನ್ನಡದ ತಮ್ಮ ಹಳ್ಳಿಯನ್ನು ಬಿಟ್ಟು ಓಡಿಬಂದು ಗುಬ್ಬಿ ಕಂಪನಿಯ ಬಾಲನಟರಾದರು. ಅಂದರೆ ನಾಟಕ ಕಲಿಯಬೇಕಾದರೆ ಮಗು ಮನೆ ಬಿಡಬೇಕು, ಕಂಪನಿಯ ಜೊತೆ ಊರೂರು ಅಲೆಯಬೇಕು. ಈ ಲೆಕ್ಕವನ್ನು ತಿರುಗಿಸಿದವರಲ್ಲಿ ಅದೇ ಕಾರಂತರು ದೊಡ್ಡವರು. 1960ರ ದಶಕದಲ್ಲಿ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಮುಂದೆ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಟ್ಯಾಗೋರರ ಗಿಣಿಯ ಕಥೆಯಿಂದ ಕಾರಂತರು ಮಾಡಿದ ‘ಪಂಜರಶಾಲೆ’ ನಾಟಕವನ್ನು ಈ ಸಂಚಿಕೆ ಓದುವ ಶಿಕ್ಷಕರಲ್ಲಿ ಕೆಲವರಾದರೂ ಆಡಿಸಿರುತ್ತೀರಿ. ಅವರಿಗೂ ಹಿಂದೆ, 1930ರ ದಶಕದಲ್ಲೇ, ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಆಟ, ಹಾಡು, ನಾಟಕಗಳ ಪ್ರಯೋಗ ನಡೆಸಿದ್ದರು.

ಕಲಿಸುವವರು ಮಕ್ಕಳಿದ್ದಲ್ಲಿಗೇ ಹೋಗುವುದು, ಹೋಗಿ ಒಂದು ಶಿಬಿರ ನಡೆಸಿ ಮುಂದಿನ ಊರಿಗೆ ಹೊರಡುವುದು ಇನ್ನೂ ಈಚಿನದು. ಇಂಗ್ಲೆಂಡಿನ ಕೊವೆಂಟ್ರಿ ಎಂಬ ಊರಿನ ಬೆಲ್‌ಗ್ರೇಡ್ ರಂಗಮಂದಿರದವರು 1965ರಲ್ಲಿ ನಟರನ್ನೇ ಶಾಲೆಗಳಿಗೆ ಕಳಿಸುವ ಪದ್ಧತಿ ಆರಂಭಿಸಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಮಕ್ಕಳಿಗಾಗಿಯೇ ಒಂದು ತಂಡ ಕಟ್ಟಿತು. ನಮ್ಮಲ್ಲಿ ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ಊರೂರಿಗೆ ಹೋಗಿ ರಂಗಶಿಬಿರಗಳನ್ನು ನಡೆಸಿತು. 1985ರಿಂದ ಅದರ ತಿರುಗಾಟ ನಾಟಕಗಳು ಬಂದವು. 1990ರ ಅಕ್ಟೋಬರ್ 2ರಿಂದ ನವೆಂಬರ್ 14ರವರೆಗೆ ದೇಶದ ತುಂಬ ನಡೆದ ಭಾರತ ಜ್ಞಾನ ವಿಜ್ಞಾನ ಜಾಥಾದಲ್ಲಿ ಕಲಾತಂಡಗಳು ಹಳ್ಳಿಗಳ ಅರಳಿಕಟ್ಟೆಯ ಮುಂದೆ ಹಾಡಿ ಕುಣಿದು ಅಕ್ಷರದ ಮಾತಾಡಿದವು. ಇಂಥ ಜಾಥಾಗಳಲ್ಲಿ ತಮಟೆ ಹಿಡಿದ ಯುವಕರಲ್ಲಿ ಕೆಲವರು ಆಮೇಲೆ ಮನೆಗೆ ಹೋಗಲಿಲ್ಲ, ಶಾಲೆಗಳ ಕಡೆಗೆ ತಿರುಗಿದರು. ನಮ್ಮ ಶಾಲೆಗೆ ಬಂದವರು ಅಂಥವರಲ್ಲೊಬ್ಬರು.

ಅದು 1999ರ ಡಿಸೆಂಬರ್. ನಾನು ಒಂಬತ್ತನೇ ತರಗತಿ. ಒಂದು ಜೋಳಿಗೆ, ಒಂದು ತಮಟೆ, ಕಾಲಿಗೆ ಹವಾಯಿ ಚಪ್ಪಲಿ, ಸುಮಾರು ನಲವತ್ತು ವರ್ಷದ ಸಣಕಲು ಮನುಷ್ಯ. ಬಂಗಾರಪೇಟೆಯಲ್ಲಿ ರೈಲಿಳಿದು, ಬಸ್ಸಿಲ್ಲದ ಹೊತ್ತಾದ್ದರಿಂದ ಹಾಲಿನ ವ್ಯಾನಿನಲ್ಲಿ ಬಂದಿದ್ದರು. ನಾವು ಹೈಸ್ಕೂಲಿನವರಿಗೆ ನಾಟಕ ಕಲಿಸುತ್ತಾರೆಂದು ಕುಣಿದಾಡಿದೆವು. ಅವರು ಹೆಡ್‌ಮಾಸ್ಟರಿಗೆ ಹೇಳಿದ್ದು ಬೇರೆ: ‘ನನಗೆ ಪಕ್ಕದ ಪ್ರೈಮರಿ ಮಕ್ಕಳನ್ನ ಕೊಡಿ ಸಾರ್. ದೊಡ್ಡವರಲ್ಲಿ ನಾಲ್ಕು ಜನ ನನಗೆ ಕೈಜೋಡಿಸಲಿ ಸಾಕು.’ ಹಾಗೆ ಆರಿಸಿದ ನಾಲ್ವರಲ್ಲಿ ನಾನೊಬ್ಬ. ಚೆನ್ನಾಗಿ ಓದುವವನೆಂದಲ್ಲ, ಅವತ್ತು ಪಿ.ಟಿ. ಪೀರಿಯಡ್‌ನಲ್ಲಿ ಬೇಲಿಯ ಹತ್ತಿರ ಸುಮ್ಮನೆ ನಿಂತಿದ್ದೆನೆಂದು.

ಒಂದರಿಂದ ಐದನೇ ಕ್ಲಾಸಿನವರೆಗಿನ ಮೂವತ್ತು ಮೂವತ್ತೈದು ಮಕ್ಕಳು. ಮೊದಲ ಎರಡು ದಿನ ಮೇಷ್ಟ್ರು ನಾಟಕ ಎಂಬ ಪದವನ್ನೇ ಎತ್ತಲಿಲ್ಲ. ಹೊಂಗೆ ಮರದ ಕೆಳಗೆ ಗುಂಡಗೆ ನಿಲ್ಲಿಸಿ ನಡೆಸಿದರು. ಕಾದ ಟಾರಿನ ಮೇಲೆ ನಡೆಯಿರಿ, ಕೆರೆಯ ಜೇಡಿಯಲ್ಲಿ ನಡೆಯಿರಿ, ಅವ್ವ ಒರೆಸಿದ ನೆಲದ ಮೇಲೆ ಅವ್ವ ನೋಡದ ಹಾಗೆ ನಡೆಯಿರಿ. ಆಮೇಲೆ ಹೆಸರಿನ ಆಟ. ಹೆಸರು ಹೇಳುವಾಗ ಒಂದು ಕುಣಿತವೋ ನೆಗೆತವೋ ಮಾಡಬೇಕು, ಎಲ್ಲರೂ ಅದನ್ನೇ ತಿರುಗಿ ಮಾಡಬೇಕು. ಆಮೇಲೆ ಮಳೆಯ ಆಟ. ಒಂದು ಬೆರಳಿನಿಂದ ಅಂಗೈ ತಟ್ಟುವುದು, ಆಮೇಲೆ ಎರಡು, ಆಮೇಲೆ ಐದು, ಕೊನೆಗೆ ಕಾಲಿನಿಂದ ನೆಲ ಗುದ್ದುವುದು. ಮೂವತ್ತು ಮಕ್ಕಳು ಸೇರಿ ಮಾಡಿದಾಗ ಒಳಗೆ ಪಾಠ ಮಾಡುತ್ತಿದ್ದ ಮಿಸ್ ಒಬ್ಬರು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿದರು.

ನಮ್ಮೂರ ಮಕ್ಕಳ ಭಾಷೆಯ ಕಷ್ಟ ನಿಮಗೆ ಗೊತ್ತೇ ಇದೆ. ಕೆಲವರ ಮನೆಯಲ್ಲಿ ತೆಲುಗು, ಕೆಲವರದು ಕನ್ನಡ, ಗಣಿ ಕೆಲಸದವರ ಮನೆಗಳಲ್ಲಿ ತಮಿಳು, ಕೆರೆ ಏರಿಯ ಕೆಳಗಿನ ಮನೆಗಳಲ್ಲಿ ಉರ್ದು. ಶಾಲೆಯಲ್ಲಿ ಎಲ್ಲರೂ ಕನ್ನಡ ಆಡಬೇಕು, ಬಾರದವರು ಬಾಯಿ ಮುಚ್ಚಿ ಕೂರಬೇಕು. ಮೂರನೆಯ ದಿನ ಅವರು ‘ಸುಳ್ಳು ಭಾಷೆ’ ಎಂಬ ಆಟ ಹೂಡಿದರು. ಯಾರೂ ತಮಗೆ ಬರುವ ಯಾವ ಭಾಷೆಯನ್ನೂ ಆಡಬಾರದು. ಇಲ್ಲದ ಭಾಷೆಯಲ್ಲಿ ತರಕಾರಿ ಮಾರಬೇಕು, ಜಗಳ ಆಡಬೇಕು, ಮಗುವನ್ನು ಮಲಗಿಸಬೇಕು. ಕನ್ನಡ ಚೆನ್ನಾಗಿ ಬರುತ್ತಿದ್ದವರು ತಡವರಿಸಿದರು. ಬಾಯಿ ಮುಚ್ಚಿಕೊಂಡೇ ಎರಡು ವರ್ಷ ಕಳೆದಿದ್ದವರು ಒಂದೇ ಸಮನೆ ಸುರಿಸಿದರು. ನನಗೆ ಆಗ ಅದು ಬರೀ ತಮಾಷೆಯಾಗಿ ಕಂಡಿತ್ತು.

ಮಧ್ಯಾಹ್ನ ಒಂದು ತೊಂದರೆ. ಆಗಿನ್ನೂ ಬಿಸಿಯೂಟ ಇರಲಿಲ್ಲ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೆ ಬಂದದ್ದು. ಊಟಕ್ಕೆ ಮನೆಗೆ ಹೋದ ಮಕ್ಕಳಲ್ಲಿ ಅರ್ಧ ಜನ ವಾಪಸ್ ಬರುತ್ತಿರಲಿಲ್ಲ. ದನ ಮೇಯಿಸಲು, ತಮ್ಮನನ್ನು ನೋಡಿಕೊಳ್ಳಲು ಉಳಿದುಬಿಡುತ್ತಿದ್ದರು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಮಧ್ಯಾಹ್ನದ ಆಟವನ್ನೇ ಕೆರೆ ಏರಿಯ ಮೇಲಕ್ಕೆ ಸಾಗಿಸಿದರು. ದನಗಳೂ ಬಂದವು, ತಮ್ಮಂದಿರೂ ಬಂದರು.

ಅವರಿಂದ ನಾನು ಕಲಿತ ಕಸುಬಿನ ಗುಟ್ಟುಗಳು ಕೆಲವಿವೆ. ಆರೇಳು ವರ್ಷದ ಮಗು ಒಂದೇ ಆಟದಲ್ಲಿ ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಮೊದಲ ದಿನವೇ ಪಾತ್ರ ಹಂಚಿದರೆ ರಾಜನಾದವನೊಬ್ಬ ಉಳಿಯುತ್ತಾನೆ, ಮರವಾದವರು ಮನೆಗೆ ಹೋಗುತ್ತಾರೆ. ‘ಹೀಗೆ ಮಾಡು’ ಎಂದು ಮಾಡಿ ತೋರಿಸಬಾರದು, ತೋರಿಸಿದರೆ ಮೂವತ್ತು ಮಕ್ಕಳೂ ನಮ್ಮ ಹಾಗೆಯೇ ಆಗಿಬಿಡುತ್ತಾರೆ. ಬರೆದ ಮಾತು ಕೊಡಬಾರದು. ‘ಆಮೇಲೆ?’ ಎಂದು ಕೇಳುತ್ತಿರಬೇಕು, ಅಷ್ಟೇ. ಅವರು ದಿನಕ್ಕೆ ನೂರು ಸಲ ‘ಆಮೇಲೆ?’ ಎನ್ನುತ್ತಿದ್ದರು. ನಾವು ನಾಲ್ವರು ಅವರಿಗೆ ಆಮೇಲೆ ಮೇಷ್ಟ್ರು ಎಂದೇ ಅಡ್ಡಹೆಸರಿಟ್ಟೆವು.

ಹೀಗೆ ಕೇಳಿ ಕೇಳಿಯೇ ಐದನೆಯ ದಿನಕ್ಕೆ ಮಕ್ಕಳ ಬಾಯಿಂದ ಒಂದು ಕಥೆ ಬಂತು. ಅದರ ಹೆಸರು ‘ಸಂಗಿಗೆ ನೆಗಡಿ’. ಈಗಿನವರಿಗೆ ಹೇಳಬೇಕು, ಸಂಗು ಎಂದರೆ ಗಣಿಯ ಸೈರನ್. ಗಾಳಿ ನಮ್ಮ ಕಡೆಗೆ ಬೀಸಿದಾಗ ಕೆ.ಜಿ.ಎಫ್.ನ ಸಂಗು ನಮ್ಮೂರಿಗೂ ಕೇಳಿಸುತ್ತಿತ್ತು. ಸೈಕಲ್ ಮೇಲೆ ಶಿಫ್ಟಿಗೆ ಹೋಗುವವರ ಮನೆಗಳಲ್ಲಿ ಅದೇ ಗಡಿಯಾರ. ಮಕ್ಕಳ ಕಥೆಯಲ್ಲಿ ಒಂದು ದಿನ ಸಂಗಿಗೆ ನೆಗಡಿಯಾಗಿ ದನಿ ಹೊರಡುವುದಿಲ್ಲ. ಊರಲ್ಲಿ ಯಾರೂ ಏಳುವುದಿಲ್ಲ. ಕೋಳಿಯ ಹತ್ತಿರ ಹೋಗಿ ಕೂಗು ಎಂದರೆ, ಇಷ್ಟು ವರ್ಷ ನನ್ನನ್ನು ಕೇಳಿದಿರಾ ಎಂದು ಕೋಳಿ ಮುನಿಸಿಕೊಳ್ಳುತ್ತದೆ. ಮಕ್ಕಳು ಶುಂಠಿ ಮೆಣಸಿನ ಕಷಾಯ ಕಾಯಿಸಿಕೊಂಡು ಸಂಗಿನ ಹತ್ತಿರ ಹೋಗುತ್ತಾರೆ. ಸಂಗಿನ ದನಿಗೆ ಪರಂಗಿ ಎಲೆಯ ದಂಟು ಊದಿದೆವು. ಗಣಿಗಿಳಿಯುವ ಕೇಜು ಎಂದರೆ ಎರಡು ಬೆಂಚು, ಅದರ ಕೆಳಗೆ ಕುಕ್ಕರುಗಾಲಿನಲ್ಲಿ ಕೂತ ಆರು ಹುಡುಗರು. ಹಳೆಯ ಪೇಪರು, ಮೈದಾ ಅಂಟು, ಬಲೂನು ಇಷ್ಟರಲ್ಲೇ ಕೋಳಿಯ ಮುಖವಾಡ. ಒಟ್ಟು ಖರ್ಚು ನಲವತ್ತು ರೂಪಾಯಿ ಒಳಗೆ. ಲೆಕ್ಕ ಬರೆದವನು ನಾನೇ.

ಹತ್ತನೆಯ ದಿನ ಸಂಜೆ ಶಾಲೆಯ ಜಗುಲಿಯ ಮೇಲೆ ಆಟ. ಗಣಿಯಿಂದ ಬಂದವರು ಸೈಕಲ್ ಹಿಡಿದುಕೊಂಡೇ ನಿಂತಿದ್ದರು. ಕೋಳಿ ಮುನಿಸಿಕೊಂಡಾಗ ಎಲ್ಲರೂ ನಕ್ಕರು. ಕೊನೆಯಲ್ಲಿ ಕಷಾಯ ಕುಡಿದ ಸಂಗು ಜೋರಾಗಿ ಊದಬೇಕೆಂದು ಮಾತಾಗಿತ್ತು. ಸಂಗಾಗಿದ್ದ ನಾಲ್ಕನೇ ಕ್ಲಾಸಿನ ಹುಡುಗ ದಂಟನ್ನು ಬಾಯಿಗೆ ಇಟ್ಟುಕೊಳ್ಳದೆ, ‘ನಾನು ಊದಿದ್ದು ಸಾಕು, ನನಗೂ ನಿದ್ದೆ ಬರ್ತದೆ, ನೀವೇ ಎದ್ದೇಳ್ರಿ’ ಎಂದುಬಿಟ್ಟ. ಯಾರೂ ಹೇಳಿಕೊಟ್ಟ ಮಾತಲ್ಲ. ಸೈಕಲ್ ಹಿಡಿದು ನಿಂತವರು ನಗಲಿಲ್ಲ.

ಮಗುವಿಗೆ ಭವಿಷ್ಯ ಗೊತ್ತಿತ್ತು ಎಂದು ಹೇಳಿದರೆ ಅದು ಕಟ್ಟುಕಥೆಯಾಗುತ್ತದೆ. ಗಣಿ ಮುಚ್ಚುತ್ತಾರಂತೆ ಎಂಬ ಮಾತು ಆಗ ಪ್ರತಿ ಮನೆಯ ಮುದ್ದೆ ತಟ್ಟೆಯ ಮುಂದೆ ನಡೆಯುತ್ತಿತ್ತು. ದೊಡ್ಡವರು ಮಕ್ಕಳ ಮುಂದೆ ಏನು ಆಡುತ್ತಾರೋ ಅದು ಐದಾರು ದಿನದೊಳಗೆ ನಾಟಕದಲ್ಲಿ ಬಂದೇ ಬರುತ್ತದೆ. ಮಕ್ಕಳ ಶಿಬಿರ ನಡೆಸಿದ ಯಾರನ್ನು ಬೇಕಾದರೂ ಕೇಳಿ. ಮರುದಿನ ಬೆಳಿಗ್ಗೆ ಮೇಷ್ಟ್ರು ಜೋಳಿಗೆ ಹಾಕಿಕೊಂಡು ಬೇತಮಂಗಲದ ಕಡೆಗೆ ಹೊರಟರು. ಚಿಕ್ಕ ಮಕ್ಕಳು ಬಸ್ ಸ್ಟಾಪಿನವರೆಗೆ ಹೋದರು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಆಮೇಲೆ ಎಷ್ಟೋ ದಿನ ಹೊಂಗೆ ಮರದ ಕೆಳಗೆ ಗುಂಡಗೆ ಗೀಟೆಳೆದು ಒಬ್ಬಳೇ ನಿಂತಿರುತ್ತಿದ್ದಳು. ಅದನ್ನು ನಾನು ನೋಡಿದ್ದೆ, ಏನೂ ಅನ್ನಿಸಿರಲಿಲ್ಲ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಹೊತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಗಣಿ, 1894ರಲ್ಲಿ ಬಂಗಾರಪೇಟೆಯಿಂದ ಅದಕ್ಕೆಂದೇ ರೈಲು ಹಾಕಿಸಿಕೊಂಡ ಗಣಿ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ. ಇದನ್ನೆಲ್ಲ ಬಲ್ಲವರು ಪುಸ್ತಕಗಳನ್ನೇ ಬರೆದಿದ್ದಾರೆ, ನಾನು ಮುಂದುವರಿಸುವುದಿಲ್ಲ. ನನಗೆ ಗೊತ್ತಿರುವುದು ಇಷ್ಟು: ಹಾಲ್ ಟಿಕೆಟ್ ತರಲು ಬಂದ ಗೆಳೆಯರಲ್ಲಿ ಮೂವರ ಅಪ್ಪಂದಿರು ಮನೆಯಲ್ಲಿದ್ದರು. ಮೂವರಲ್ಲಿ ಒಬ್ಬನೇ ಪಿ.ಯು.ಸಿ. ಸೇರಿದ.

ನಾನು ಬಂಗಾರಪೇಟೆಯಲ್ಲಿ ಪಿ.ಯು.ಸಿ. ಮುಗಿಸಿ, ಬಿ.ಇ. ಮಾಡಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. 2010ರ ಹೊತ್ತಿಗೆ ಹವ್ಯಾಸಿ ರಂಗತಂಡವೊಂದರ ಸಹವಾಸವಾಯಿತು. ಅಲ್ಲಿ ಪರಿಚಯವಾದ ಮೂವರು ಮತ್ತು ನಾನು ಸೇರಿ ಒಂದು ಯೋಚನೆ ಮಾಡಿದೆವು. ದಸರಾ ರಜೆಯಲ್ಲಿ, ಬೇಸಿಗೆಯಲ್ಲಿ, ಉಳಿದಂತೆ ಶನಿವಾರ ಭಾನುವಾರ ನಮ್ಮ ತಾಲ್ಲೂಕಿನ ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳಿಗೆ ರಂಗಶಿಬಿರ ಮಾಡುವುದು. ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಒಂದು ಹಳೆಯ ವ್ಯಾನು, ತಮಟೆ, ಬಣ್ಣದ ಬಟ್ಟೆ ತುಂಬಿದ ಎರಡು ಚೀಲ. ಹತ್ತು ದಿನ ರಜೆ ನಮಗೆಲ್ಲಿ ಸಿಗಬೇಕು? ಆದ್ದರಿಂದ ಒಂದು ಶಾಲೆಗೆ ಎರಡು ದಿನ. ಆಮೇಲೆ ಆಮಂತ್ರಣಗಳು ಹೆಚ್ಚಿದವು, ಒಂದು ದಿನ ಮಾಡಿದೆವು. ಕೊನೆಕೊನೆಗೆ ಒಂದೂವರೆ ಗಂಟೆಗೆ ಇಳಿಸಿ, ಒಂದೇ ದಿನದಲ್ಲಿ ಮೂರು ಶಾಲೆ ಮುಗಿಸಿ, ಬಂಗಾರಪೇಟೆಯಲ್ಲಿ ಪಾನಿಪೂರಿ ತಿಂದು, ರಾತ್ರಿಯೊಳಗೆ ಬೆಂಗಳೂರು ಸೇರುತ್ತಿದ್ದೆವು. ಫೋಟೊಗಳಲ್ಲಿ ಮಕ್ಕಳು ನಗುತ್ತಿದ್ದರು. ನಾವು ಲೆಕ್ಕ ಇಡುತ್ತಿದ್ದುದು ಶಾಲೆಗಳದು.

ಇಲ್ಲಿ ಒಂದು ಒಳ್ಳೆಯ ದಿನವನ್ನು ಹೇಳಿಯೇ ಮುಂದೆ ಹೋಗಬೇಕು. 2013ರ ದಸರಾ ರಜೆ. ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಪಕ್ಕದ ಶಾಲೆ. ಕಿಟಕಿಯಿಂದ ನೋಡಿದರೆ ಬೂದು ಬಣ್ಣದ ಸೈನೈಡ್ ದಿಬ್ಬ. ನಾನು ‘ನಿಮ್ಮೂರಿನ ಕೆಲಸ’ ಮಾಡಿ ತೋರಿಸಿ ಎಂದು ಗುಂಪುಗಳಿಗೆ ಹೇಳಿದೆ. ಮನಸ್ಸಿನಲ್ಲಿ ಕೇಜು, ಶಾಫ್ಟು, ಸಂಗು ಬರುತ್ತದೆಂದು ಕಾಯುತ್ತಿದ್ದೆ. ಬಂದದ್ದು ರೈಲು. ನಾಲ್ಕು ಗುಂಪೂ ರೈಲನ್ನೇ ಮಾಡಿದವು. ಒಬ್ಬ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಾನೆ. ಹೆಂಡತಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಾಳೆ. ಓಡುತ್ತಾರೆ. ಮಾರಿಕುಪ್ಪಂನಲ್ಲಿ ಹತ್ತಿದವನು ಟವೆಲ್ಲು ಹಾಸಿ ಚಾಂಪಿಯನ್, ಊರಿಗಾಂ, ಕೋರಮಂಡಲದಲ್ಲಿ ಹತ್ತುವ ಗೆಳೆಯರಿಗೆ ಜಾಗ ಹಿಡಿಯುತ್ತಾನೆ. ಬಂಗಾರಪೇಟೆಯಲ್ಲಿ ನೂಕುನುಗ್ಗಲು. ಆಮೇಲೆ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ. ಆರು ವರ್ಷದ ಮಕ್ಕಳು ಆ ನಿದ್ದೆಯನ್ನು ಎಷ್ಟು ಸರಿಯಾಗಿ ಮಾಡಿದರೆಂದರೆ, ಕುತ್ತಿಗೆ ವಾಲುವುದು, ಸ್ಟೇಷನ್ ಬಂದಾಗ ಕಣ್ಣು ತೆರೆಯದೆಯೇ ಎದ್ದು ನಿಲ್ಲುವುದು, ಎಲ್ಲ. ರಾತ್ರಿ ಒಂಬತ್ತಕ್ಕೆ ಅಪ್ಪ ಮನೆಗೆ ಬಂದಾಗ ಮಕ್ಕಳು ಮಲಗಿರುತ್ತಾರೆ. ಅಲ್ಲಿಗೆ ನಾಟಕ ಮುಗಿಯಿತು.

ಅವರೆಲ್ಲ ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಗಣಿ ಅವರಿಗೆ ತಾತನ ಕಥೆ, ಕೆಮ್ಮುವ ತಾತ. ಊರಿನ ಕೆಲಸವೆಂದರೆ ಬೆಂಗಳೂರಿನ ರೈಲು. 1999ರಲ್ಲಿ ಸಂಗು, 2013ರಲ್ಲಿ ರೈಲು. ಕೆ.ಜಿ.ಎಫ್.ನ ಚರಿತ್ರೆ ಬರೆಯುವವರು ಉತ್ಪಾದನೆಯ ಅಂಕಿಅಂಶಗಳನ್ನು ನೋಡುತ್ತಾರೆ. ಈ ಎರಡು ಆಟಗಳನ್ನು ಎಲ್ಲೂ ಬರೆದಿಟ್ಟಿಲ್ಲ. ನನಗೆ ಈ ಲೇಖನ ಬರೆಯಲು ಮನಸ್ಸು ಬಂದದ್ದಕ್ಕೆ ಅದೂ ಒಂದು ಕಾರಣ.

ಅದೇ ಶಾಲೆಯಲ್ಲಿ ಎರಡನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ತಮಿಳು. ಶಾಲೆಗೆ ಸೇರಿದಾಗಿನಿಂದ ಒಂದು ಮಾತೂ ಆಡಿಲ್ಲ ಎಂದು ಮಿಸ್ ಮೊದಲೇ ಹೇಳಿದ್ದರು. ಎರಡನೆಯ ದಿನ ‘ಸುಳ್ಳು ಭಾಷೆ’ ಆಟದಲ್ಲಿ ಅವಳ ಸರದಿ ಬಂದಾಗ ದಾಟಿಸಿ ಮುಂದೆ ಹೋಗೋಣವೆಂದುಕೊಂಡೆ. ಅವಳು ಎದ್ದು ಮಧ್ಯಕ್ಕೆ ಬಂದು, ಸೊಂಟಕ್ಕೆ ಕೈಯಿಟ್ಟು, ಮೀನು ಮಾರುವವಳಾದಳು. ನಾಲ್ಕು ನಿಮಿಷ ನಿಲ್ಲಿಸಲಿಲ್ಲ. ಕೊಳ್ಳಲು ಬಂದವನ ಜೊತೆ ಚೌಕಾಸಿ, ಬೈಗುಳ, ಕೊನೆಗೆ ಒಂದು ಮೀನು ಪುಕ್ಕಟೆ. ಮಿಸ್ ಬಾಗಿಲ ಹತ್ತಿರ ನಿಂತಿದ್ದವರು, ‘ಇವಳ ಧ್ವನಿ ಹೀಗಿದೆಯಾ!’ ಎಂದರು. ಹೊರಡುವಾಗ ಆ ಹುಡುಗಿ ವ್ಯಾನಿನ ಬಾಗಿಲು ಹಿಡಿದುಕೊಂಡು ಕನ್ನಡದಲ್ಲೇ ಕೇಳಿದಳು: ‘ನಾಳೆ ಬರ್ತೀರಾ ಸಾರ್?’ ಸಂಕ್ರಾಂತಿಯೊಳಗೆ ಬರುತ್ತೇವೆ, ಶನಿವಾರ ಬರುತ್ತೇವೆ ಎಂದೆ.

ಹೋಗಲಿಲ್ಲ. ಜನವರಿಯಲ್ಲಿ ನನ್ನ ಪ್ರಾಜೆಕ್ಟಿನ ರಿಲೀಸ್ ಇತ್ತು. ಆಮೇಲೆ ತಂಡದಲ್ಲೊಬ್ಬರ ಮದುವೆ, ಆಮೇಲೆ ಬೇರೆ ಶಾಲೆಗಳಿಗೆ ಒಪ್ಪಿಕೊಂಡಿದ್ದೆವು. ಒಂದೂವರೆ ವರ್ಷದ ನಂತರ ಆ ದಾರಿಯಲ್ಲಿ ಹೋದಾಗ ಒಳಗೆ ಹೋದೆ. ಹುಡುಗಿಯ ಮನೆಯವರು ಬೆಂಗಳೂರಿಗೆ ಹೊರಟುಹೋಗಿದ್ದರು. ಮಿಸ್ ಕಾಫಿ ತರಿಸಿಕೊಟ್ಟು, ಆಕ್ಷೇಪಣೆಯ ದನಿಯೇ ಇಲ್ಲದೆ ಹೇಳಿದರು: ‘ನೀವು ಶನಿವಾರ ಅಂದಿದ್ರಲ್ಲ ಸಾರ್, ಎರಡು ತಿಂಗಳು ಶನಿವಾರ ಬಂದ್ರೆ ಸಾಕು, ಬೆಂಚೆಲ್ಲಾ ಗೋಡೆಗೆ ಸರಿಸಿ ಗುಂಡಗೆ ಕೂತ್ಕೊಂಡಿರ್ತಿದ್ವು. ಅವಳೇ ಎಲ್ಲರನ್ನೂ ಕೂಡಿಸೋಳು. ಆಮೇಲೆ ಬಿಟ್ಟುಬಿಟ್ಟಳು. ಮಾತೂ ಬಿಟ್ಟಳು.’ ಆಗ ನನಗೆ ಹೊಂಗೆ ಮರದ ಕೆಳಗೆ ಗೀಟೆಳೆದು ನಿಂತಿದ್ದ ನಮ್ಮ ಶಾಲೆಯ ಹುಡುಗಿ ನೆನಪಾದಳು.

ಈ ಪ್ರಸಂಗವನ್ನು ಎಷ್ಟೋ ಜನ ಗೆಳೆಯರ ಹತ್ತಿರ ಹೇಳಿ ವಾದ ಮಾಡಿದ್ದೇನೆ. ಎರಡು ದಿನವಾದರೂ ಏನೂ ಇಲ್ಲದ್ದಕ್ಕಿಂತ ಮೇಲು ಎನ್ನುವವರಿದ್ದಾರೆ. ಹೈಸ್ಕೂಲಿನ ಮಕ್ಕಳ ವಿಷಯದಲ್ಲ್ಲಿ ಅದನ್ನು ಒಪ್ಪುತ್ತೇನೆ, ಅವರಿಗೆ ಶಿಬಿರ ಮುಗಿಯಿತು ಎಂದರೆ ಅರ್ಥವಾಗುತ್ತದೆ. ಆರೇಳು ವರ್ಷದವರಿಗೆ ಅರ್ಥವಾಗುವುದಿಲ್ಲ. ಅವರ ಬಾಯಿ ತೆರೆಸಿ ಹೊರಟುಹೋಗುವುದು, ತೆರೆಸದೆ ಇರುವುದಕ್ಕಿಂತ ಒಳ್ಳೆಯದೇ ಎಂಬುದರಲ್ಲಿ ನನಗೆ ಈಗಲೂ ಅನುಮಾನವಿದೆ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಇರುತ್ತಿದ್ದರು. ಬೆತ್ತ ಹಿಡಿಯುತ್ತಿದ್ದರು ನಿಜ, ಮಗು ಮಲಗಿದರೆ ತಲೆಗೆ ಟವೆಲ್ಲು ಇಡಲೂ ಅವರೇ ಇರುತ್ತಿದ್ದರು. ಆಮೇಲೆ ಮೇಷ್ಟ್ರು ಹತ್ತು ದಿನ ಇದ್ದರು. ನಾವು ಒಂದೂವರೆ ಗಂಟೆಗೆ ತಂದೆವು. ಕಲಿಸುವ ರೀತಿ ಸುಧಾರಿಸುತ್ತಾ ಬಂತು, ಇರುವ ದಿನ ಕಡಿಮೆಯಾಗುತ್ತಾ ಬಂತು.

ನಿಂತಲ್ಲೇ ನಿಂತು ಕೆಲಸ ಮಾಡಿದವರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ಆದಿಮಕ್ಕೆ ಹುಣ್ಣಿಮೆ ಹಾಡಿಗೆಂದು ಹೋದವರು ಇಲ್ಲಿ ಹಲವರಿದ್ದೀರಿ. ಅಲ್ಲಿ ಮಕ್ಕಳ ಶಿಬಿರಗಳೂ ನಡೆದಿವೆ. ಬೆಟ್ಟ ಅಲ್ಲೇ ಇರುತ್ತದೆ, ಮಕ್ಕಳು ಮತ್ತೆ ಹತ್ತಬಹುದು. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕದ ಶಿಕ್ಷಕರನ್ನು ನೇಮಿಸಿದ್ದೂ ಉಂಟು, ಆದರೆ ಇಡೀ ರಾಜ್ಯಕ್ಕೆ ಬೆರಳೆಣಿಕೆಯಷ್ಟು. ಪ್ರೈಮರಿಯಲ್ಲಿ ನಲಿ-ಕಲಿ ಬಂದ ಮೇಲೆ ಹಾಡು, ಕಥೆ, ಅಭಿನಯ ತರಗತಿಯೊಳಕ್ಕೆ ಬಂದಿವೆ. ಅದನ್ನು ಮನಸ್ಸಿಟ್ಟು ಮಾಡುವ ಮಿಸ್ ಒಬ್ಬರಿದ್ದರೆ ನಮ್ಮ ವ್ಯಾನಿನ ಅಗತ್ಯವೇ ಇಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ವ್ಯಾನು ಮಾರಿದೆವು. ಈಗ ಎರಡು ವರ್ಷದಿಂದ ನಾನು ನಮ್ಮ ಶಾಲೆಯ ಪಕ್ಕದ ಪ್ರೈಮರಿಗೆ ಒಂದೇ ಕಡೆಗೆ, ಹದಿನೈದು ದಿನಕ್ಕೊಂದು ಶನಿವಾರ ಬರುತ್ತೇನೆ. ಬಾರದ ಶನಿವಾರವಿದ್ದರೆ ಹಿಂದಿನ ಸಲವೇ ಕ್ಯಾಲೆಂಡರಿನಲ್ಲಿ ಮಕ್ಕಳ ಕೈಯಲ್ಲೇ ಅಡ್ಡಗೆರೆ ಹೊಡೆಸುತ್ತೇನೆ. ನಡುವಿನ ದಿನಗಳಲ್ಲಿ ಇಬ್ಬರು ಮಿಸ್ ಆಟಗಳನ್ನು ಮುಂದುವರಿಸುತ್ತಾರೆ, ನನಗಿಂತ ಚೆನ್ನಾಗಿಯೇ.

ಮಹೋತ್ಸವಕ್ಕೆ ಏನಾದರೂ ಆಡಿಸಬೇಕೆಂದಾಗ, ನಿವೃತ್ತರಾಗಿರುವ ನಮ್ಮ ಕನ್ನಡ ಮೇಷ್ಟ್ರು ಒಂದು ನೋಟ್‌ಬುಕ್ ತಂದುಕೊಟ್ಟರು. 1999ರಲ್ಲಿ ಮಕ್ಕಳು ಆಡಿದ್ದನ್ನು ಅವರು ಅವತ್ತೇ ರಾತ್ರಿ ಕೂತು ಬರೆದಿಟ್ಟಿದ್ದರು, ಕೊನೆಯ ಆ ಮಾತಿನ ಸಮೇತ. ಬರೆದಿಟ್ಟಿಲ್ಲ ಎಂದು ಮೇಲೆ ಹೇಳಿದ್ದನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಿ. ಕಳೆದ ಶನಿವಾರ ಅದನ್ನು ಮಕ್ಕಳಿಗೆ ಕಥೆಯಾಗಿ ಹೇಳಿದೆ. ಮೊದಲ ವಾಕ್ಯಕ್ಕೇ ಮೂರನೇ ಕ್ಲಾಸಿನವನೊಬ್ಬ, ‘ಸಂಗು ಅಂದ್ರೆ ಏನ್ ಸಾರ್?’ ಎಂದ. ವಿವರಿಸಿದೆ. ಹೇಗೆ ಕೂಗ್ತದೆ ಎಂದರು. ಮಾಡಿ ತೋರಿಸಬಾರದೆಂಬ ಪಾಠವನ್ನು ಮರೆತು ನಾನೇ ಊದಿ ತೋರಿಸಿದೆ. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದ ತಾತನೊಬ್ಬರು, ಹಿಂದೆ ಗಣಿಗೆ ಹೋಗುತ್ತಿದ್ದವರು, ತಲೆಯಾಡಿಸಿ, ‘ಅಷ್ಟು ಸಣ್ಣಗಲ್ಲಪ್ಪ, ಹೊಟ್ಟೆಯಿಂದ ಬರ್ಬೇಕು’ ಎಂದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಗುಂಡಗೆ ಕೂತ ಮಕ್ಕಳ ನಡುವೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಊದಿದರು. ಪಕ್ಕದ ಹೈಸ್ಕೂಲಿನ ಕಿಟಕಿಗಳಲ್ಲಿ ತಲೆಗಳು ಕಂಡವು.